ಕಿವುಡಾದ ಕಾವಲು

ಬೆಳಗಿನ ಒಂಬತ್ತರ ಹೊತ್ತಿಗೆ ಕಾಟಮ್ಮನ ನಲವತ್ತು ಕುರಿಗಳು ಹೊನ್ನೆಮರಡಿ ಕಾವಲೆಂಬ ಹುಲ್ಲುಗಾವಲಿನ ಅಂಚಿಗೆ ಬಂದು, ಏನೂ ಇಲ್ಲದ ಕಡೆ ಗಕ್ಕನೆ ನಿಂತುಬಿಟ್ಟವು. ಎದುರಿಗೆ ಗೋಡೆಯಿರಲಿಲ್ಲ, ತಂತಿಯಿರಲಿಲ್ಲ, ಒಂದು ಮುಳ್ಳುಕಂಟಿ ಕೂಡ ಇರಲಿಲ್ಲ. ಇದ್ದದ್ದು ಮೊಣಕಾಲೆತ್ತರದ ಹಸಿ ಹುಲ್ಲು, ಅದೂ ಕತ್ತು ಚಾಚಿದರೆ ಸಿಗುವಷ್ಟು ಹತ್ತಿರ. ಮುಂದಿದ್ದ ಟಗರು ಆಸೆ ತಡೆಯಲಾರದೆ ಒಂದು ಕಾಲು ಮುಂದಿಟ್ಟಿತು. ಕಾದ ಹೆಂಚಿನ ಮೇಲಿಟ್ಟಂತೆ ಥಟ್ಟನೆ ಹಿಂದಕ್ಕೆಳೆದುಕೊಂಡಿತು. ಅದನ್ನು ನೋಡಿ ಉಳಿದವೂ ಮುಖ ತಿರುಗಿಸಿದವು. ಆಚೆ ಬದಿಯಲ್ಲಿ ನಿಂತಿದ್ದ ಡಾಕ್ಟರ್ ಇಂದುಧರ ತನ್ನ ಪುಸ್ತಕದಲ್ಲಿ 'ಬೇಲಿ ಸರಿಯಿದೆ' ಎಂದು ಬರೆದುಕೊಂಡ. ಬೇಲಿ ಅಷ್ಟು ಸರಿಯಿದ್ದ ಮೇಲೆ ಒಳಗಿನ ಚಿಟ್ಟೆಗಳು ಯಾಕೆ ಸಾಯುತ್ತಿವೆ ಎಂಬುದಕ್ಕೆ ಮಾತ್ರ ಆ ಪುಸ್ತಕದಲ್ಲಿ ಉತ್ತರವಿರಲಿಲ್ಲ.

ಅದರ ಹೆಸರು ದನಿಬೇಲಿ. ಕಾವಲಿನ ಸುತ್ತ ಮೂವತ್ತು ಅಡಿ ಆಳಕ್ಕೆ ಇಳಿಸಿದ ಇನ್ನೂರ ಹನ್ನೆರಡು ಕಂಬಗಳು; ನೆಲದ ಮೇಲೆ ಕಾಣುವುದು ಅವುಗಳ ಗೇಣುದ್ದದ ತಲೆ ಮಾತ್ರ. ಪ್ರತಿಯೊಂದು ಕಂಬವೂ ಹಗಲಿರುಳು ಮಣ್ಣಿನೊಳಗೆ ಒಂದು ಸಣ್ಣ ನಡುಕವನ್ನು ಬಿಡುತ್ತಿರುತ್ತದೆ. ಮನುಷ್ಯನ ಕಿವಿಗೆ ಅದು ಕೇಳಿಸದು, ಚಪ್ಪಲಿಯ ಕಾಲಿಗೆ ತಿಳಿಯದು. ಗೊರಸಿರುವ ಪ್ರಾಣಿಗೆ ಮಾತ್ರ ಆ ನಡುಕ ಕಾಲಿನ ಮೂಳೆಗಳಿಗೇರಿ, ಹುಳುಕು ಹಲ್ಲಿನ ನೋವಿನ ಹಾಗೆ ಜುಮ್ಮೆನ್ನಿಸುತ್ತದೆ. ಗಾಯವಿಲ್ಲ, ರಕ್ತವಿಲ್ಲ. ಎರಡು ಸಾವಿರದ ಅರವತ್ತಾರರಲ್ಲಿ ಇದನ್ನು ಕಂಡುಹಿಡಿದವನು ಇಂದುಧರನೇ. ಅದಕ್ಕೆ ಸಿಕ್ಕ ಹಾರ ತುರಾಯಿಗಳು ಇನ್ನೂ ಅವನ ಬೆಂಗಳೂರಿನ ಕಚೇರಿಯ ಗೋಡೆಯ ಮೇಲೆ ಒಣಗುತ್ತಿದ್ದವು.

"ಏನ್ ಸಾಮಿ, ಬರ್ಕಂಡ್ರಾ?" ಕಾಟಮ್ಮ ಕಂಬಗಳ ಗೆರೆಯ ಆಚೆಯಿಂದಲೇ ಕೂಗಿದಳು. "ನಮ್ ಕುರಿ ಕಾಲಿಟ್ಟಿಲ್ಲ ಅಂತ ಚೆನ್ನಾಗಿ ಬರ್ಕಳ್ರಿ. ನಾಳೆ ಮತ್ತೆ ನನ್ ಮ್ಯಾಲೇ ಗೂಬೆ ಕೂರಿಸ್‌ಬ್ಯಾಡ್ರಿ."

ಇಂದುಧರ ಪುಸ್ತಕ ಮುಚ್ಚಿದ. ಹೋದ ವರ್ಷ ಅವನು ಕೂರಿಸಿದ್ದು ನಿಜವೇ ಆಗಿತ್ತು.

ಕಾಟಮ್ಮ ಕಾವಲಿನ ಪಕ್ಕದ ಗೊಲ್ಲರಹಟ್ಟಿಯವಳು. ಅರವತ್ತು ದಾಟಿದ ಗಟ್ಟಿ ಹೆಂಗಸು. ಬೇಲಿ ಬರುವ ಮೊದಲು ಅವಳಿಗೆ ಮುನ್ನೂರು ಕುರಿಗಳಿದ್ದವು. ಕಾವಲು ಮುಚ್ಚಿದ ಮೇಲೆ ಮೇವಿಗೆಂದು ಉಳಿದದ್ದು ರಸ್ತೆಯ ಬದಿ ಮಾತ್ರ. ಮಿಕ್ಕ ಬಯಲೆಲ್ಲ ಕಣ್ಣು ಹರಿಯುವ ತನಕ ಬಿಸಿಲಿನಿಂದ ಕರೆಂಟು ತೆಗೆಯುವ ಕರಿ ಹಲಗೆಗಳು. ಅವಳು ಮಂದೆಯನ್ನು ನಲವತ್ತಕ್ಕೆ ಇಳಿಸಿದ್ದಳು. ಆದರೂ ದಿನಕ್ಕೊಮ್ಮೆ ಕುರಿಗಳನ್ನು ಹೊಡೆದುಕೊಂಡು ಈ ಅಂಚಿಗೆ ಬರುತ್ತಿದ್ದಳು. ಯಾಕೆ ಎಂದರೆ, "ಅವು ಮರೀಬಾರ್ದಲ್ಲ" ಎನ್ನುತ್ತಿದ್ದಳು.

ಇಷ್ಟೆಲ್ಲ ನಡೆದದ್ದು ಹೆಬ್ಬೆಟ್ಟಿನ ಉಗುರಿನಷ್ಟಗಲದ ಒಂದು ಚಿಟ್ಟೆಗಾಗಿ. ಕಾವಲುನೀಲಿ ಎಂದು ಅದರ ಹೆಸರು. ಇಡೀ ಭೂಮಿಯ ಮೇಲೆ ಅದು ಉಳಿದಿದ್ದದ್ದು ಈ ಎಂಟುನೂರು ಎಕರೆಯಲ್ಲಿ ಮಾತ್ರ. ಮುಂಗಾರಿನ ಮೊದಲ ಮಳೆ ಬಿದ್ದ ವಾರಕ್ಕೆ ಅದು ನೆಲದೊಳಗಿಂದ ಎದ್ದು ಬರುತ್ತದೆ. ಆಯುಷ್ಯ ಆರೇಳು ದಿನ. ಅಷ್ಟರಲ್ಲೇ ಜೊತೆ ಹುಡುಕಿಕೊಂಡು, ಕೆನ್ನೆಗ್ಗಿಲು ಎಂದು ಹಟ್ಟಿಯವರು ಕರೆಯುವ, ನೆಲಕ್ಕೆ ಅಂಟಿಕೊಂಡು ಹಬ್ಬುವ ಗಿಡದ ಕೆಂಪು ಮೊಗ್ಗುಗಳ ಮೇಲೆ ಸಾಸಿವೆಗಿಂತ ಚಿಕ್ಕ ಮೊಟ್ಟೆಗಳನ್ನಿಡಬೇಕು. ಮೊಟ್ಟೆಯೊಡೆದ ಮರಿಹುಳು ಹೂವನ್ನೇ ತಿಂದು ಬೆಳೆದು, ಒಂದು ದಿನ ಇದ್ದಕ್ಕಿದ್ದ ಹಾಗೆ ಊಟ ಬಿಟ್ಟು ನೆಲಕ್ಕುದುರುತ್ತದೆ. ಆಗ ಕಪ್ಪಿರುವೆಗಳು ಬಂದು ಅದನ್ನು ಎತ್ತಿಕೊಂಡು ತಮ್ಮ ಗೂಡಿಗೆ ಒಯ್ಯುತ್ತವೆ. ಹುಳು ತನ್ನ ಬೆನ್ನಿನಿಂದ ಸಿಹಿಹನಿ ಒಸರಿಸುತ್ತದೆ, ಇರುವೆಗಳು ಅದನ್ನು ಕೂಸಿನ ಹಾಗೆ ಸಾಕುತ್ತವೆ. ಹತ್ತು ತಿಂಗಳು ನೆಲದೊಳಗೆ ಈ ಬಾಣಂತನ. ಅಲ್ಲೇ ಗೂಡುಕಟ್ಟಿ, ಮತ್ತೆ ಮಳೆಗೆ ರೆಕ್ಕೆ ಹೊತ್ತು ಹೊರಗೆ. ಇರುವೆಯ ಮಡಿಲು ಸಿಗದ ಹುಳುವಿಗೆ ಒಂದು ಹಗಲಿನ ಬಿಸಿಲು ದಾಟುವ ಶಕ್ತಿಯೂ ಇಲ್ಲ.

ಬೇಲಿ ಹಾಕಿದ ವರ್ಷ ಇಂದುಧರ ಎಣಿಸಿದ ಚಿಟ್ಟೆಗಳು ಮುನ್ನೂರ ನಲವತ್ತು. ಮರುವರ್ಷ ಅರವತ್ತೊಂದು. ಕುರಿ ಕದ್ದು ನುಗ್ಗುತ್ತಿವೆ ಎಂದುಕೊಂಡು ಅವನು ಬೇಲಿಯ ಜೋರನ್ನು ಏರಿಸಿದ. ಕಾಟಮ್ಮನ ಮೇಲೆ ದೂರು ಬರೆದ. ಈ ವರ್ಷ ಎದ್ದದ್ದು ಒಂಬತ್ತು. ಅವನು ಜೋರನ್ನು ಮತ್ತೂ ಏರಿಸಿದ. ಒಂಬತ್ತರಲ್ಲಿ ಹೆಣ್ಣು ನಾಲ್ಕು. ಅವು ಇಟ್ಟ ಮೊಟ್ಟೆಗಳಿಂದ ಈಗ ಹೂಗಳ ಮೇಲೆ ನಲವತ್ತೊಂದು ಮರಿಹುಳುಗಳಿದ್ದವು. ಇನ್ನು ಮೂರು ನಾಲ್ಕು ದಿನದಲ್ಲಿ ಅವು ನೆಲಕ್ಕುದುರಬೇಕು. ಅವನಿಗೆ ಅನ್ನ ಸೇರುತ್ತಿರಲಿಲ್ಲ. ಹಗಲೆಲ್ಲ ಮೈಯೆಲ್ಲ ಕಣ್ಣಾಗಿ ಗಿಡದಿಂದ ಗಿಡಕ್ಕೆ ಮೊಣಕಾಲೂರಿ ಹೋಗುತ್ತಿದ್ದ. ಐವತ್ತೆರಡು ವರ್ಷದ ಮನುಷ್ಯ ಹುಳುಗಳೊಂದಿಗೆ ಮಾತಾಡುವ ಮಟ್ಟಕ್ಕೆ ಬಂದಿದ್ದ.

ಅವತ್ತು ಶ್ರಾವಣದ ಮೊದಲ ಸೋಮವಾರ. ಕಾಟಮ್ಮ ಕುರಿಗಳನ್ನು ಆಚೆಗೇ ಬಿಟ್ಟು, ತಾನೊಬ್ಬಳೇ ಗೆರೆ ದಾಟಿ ಒಳಗೆ ಬಂದಳು. ಮಡಿಲಲ್ಲಿ ಏನೋ ಕಟ್ಟಿಕೊಂಡಿದ್ದಳು. ಇಂದುಧರ ಗಾಬರಿಯಾಗಿ ಅವಳ ಹಿಂದೆ ಓಡಿದ.

"ಅಮ್ಮಾ, ಹುಳುಗಳಿವೆ! ನೋಡಿಕೊಂಡು ಕಾಲಿಡು."

"ನಾನು ಹುಟ್ಟಿದಾಗಿಂದ ನೋಡ್ಕಂಡೇ ಇಡ್ತಾ ಇದೀನಿ, ಸಾಮಿ."

ಅವಳು ಒಂದು ಇರುವೆಗೂಡಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ಮಡಿಲಲ್ಲಿದ್ದದ್ದು ಬೆಲ್ಲ ಬೆರೆಸಿದ ನುಚ್ಚು. ವರ್ಷವೆಲ್ಲ ತಮ್ಮ ಕುರಿಗಳ ಗೊರಸಿಗೆ ಸಿಕ್ಕು ಸಾಯುವ ಇರುವೆಗಳಿಗೆ ತಪ್ಪಾಯಿತೆಂದು ಹೇಳಿಕೊಳ್ಳುವ ನೇಮವಂತೆ ಅದು. ಅವಳ ಮನೆತನದಲ್ಲಿ ಹೆಂಗಸರೇ ನಡೆಸಿಕೊಂಡು ಬಂದದ್ದು. ಕೋಲನ್ನು ತಲೆಕೆಳಗು ಹಿಡಿದು ಗೂಡಿನ ಬಾಯಿಯ ಹತ್ತಿರ ಮೂರು ಸಲ ಕುಟ್ಟಬೇಕು. ಇರುವೆಗಳು ಎದ್ದು ಬರಬೇಕು. ಅವು ಬಂದು ಎದುರಿಗೆ ನಿಂತ ಮೇಲೆ ನುಚ್ಚು ಬಿಡಬೇಕು. ಬರದೆ ಹೋದರೆ ತಪ್ಪು ಒಪ್ಪಿಗೆಯಾಗಿಲ್ಲ ಎಂದರ್ಥ.

ಕಾಟಮ್ಮ ಕುಟ್ಟಿದಳು. ಕಾದಳು. ಮತ್ತೆ ಕುಟ್ಟಿದಳು. ಗೂಡಿನ ಬಾಯಲ್ಲಿ ಎರಡು ಮೂರು ಇರುವೆಗಳು ತಮ್ಮ ಪಾಡಿಗೆ ತಾವು ಮಣ್ಣು ಹೊರುತ್ತಿದ್ದವು. ಒಂದೂ ತಲೆಯೆತ್ತಲಿಲ್ಲ. ಅವಳು ಮಡಿಲು ಕಟ್ಟಿಕೊಂಡು ಎದ್ದಳು.

"ಈ ವರ್ಷಾನೂ ಇಲ್ಲ," ಎಂದಳು. ದನಿ ಒಡೆದಿತ್ತು. "ಮೂರು ವರ್ಷ ಆತು, ನುಚ್ಚು ವಾಪಸ್ ಒಯ್ತಾ ಇದೀನಿ. ಮೊದ್ಲು ಕುಟ್ಟಿದ್ ತಕ್ಷಣ ಸಂತೆಗೆ ಬಂದಂಗೆ ಬರೋವು. ಇವು ಕಿವುಡಾಗ್ಯಾವೆ, ಸಾಮಿ."

ಇಂದುಧರ ಥಟ್ಟನೆ ಅವಳತ್ತ ತಿರುಗಿದ. "ಮೂರು ವರ್ಷದಿಂದಲೇ? ಬೇಲಿ ಬಂದಾಗಿನಿಂದ? ಇದನ್ನು ನನಗ್ಯಾಕೆ ಹೇಳಲಿಲ್ಲ ನೀನು?"

"ಕುರಿ ಒಳಗೆ ಬಂದಿದ್ವಾ ಅಂತ ಕೇಳಿದ್ರಿ. ಇರುವೆ ಹೊರಗೆ ಬಂದಿದ್ವಾ ಅಂತ ಯಾವತ್ತು ಕೇಳಿದ್ರಿ?"

ಅವನು ಅಂಚಿನಲ್ಲಿದ್ದ ತನ್ನ ಶೆಡ್ಡಿಗೆ ಓಡಿ ನೆಲಗಿವಿಯನ್ನು ತಂದ. ಮಣ್ಣಿಗೆ ಚುಚ್ಚಿದ ಸೂಜಿಯ ಮೂಲಕ ನೆಲದ ನಡುಕವನ್ನು ಹಿಡಿದು ಕಿವಿಗೆ ಕೇಳಿಸುವ ಉಪಕರಣ ಅದು. ಕಂಬಗಳನ್ನು ಶ್ರುತಿ ಮಾಡಲು ಬಳಸಿದ್ದನೇ ಹೊರತು ಕಾವಲಿನ ನಡುವೆ ಅದನ್ನು ಒಮ್ಮೆಯೂ ಊರಿರಲಿಲ್ಲ. ಹತ್ತಿರದ ಕೆನ್ನೆಗ್ಗಿಲಿನ ಬುಡದಲ್ಲಿ ಒಂದು ಹುಳು ಎಲ್ಲಕ್ಕಿಂತ ಮೊದಲೇ ಉದುರಿ ಬಿದ್ದಿತ್ತು. ಅದರ ಪಕ್ಕದಲ್ಲಿ ಸೂಜಿ ಚುಚ್ಚಿದ. ಕಿವಿಯಲ್ಲಿ ಒಂದೇ ಸಮನೆ 'ಗುಂಯ್' ಎಂಬ ಸದ್ದು, ಇಡೀ ಕಾವಲೇ ಒಂದು ಗಿರಣಿಯಾದ ಹಾಗೆ. ತಿರುಪು ತಿರುಗಿಸಿ ಬೇಲಿಯ ಸದ್ದನ್ನು ಸೋಸಿ ತೆಗೆದ. ಆಗ ಅದರ ತಳದಲ್ಲಿ ಕೇಳಿಸಿತು: ಟಿಕ್, ಟಿಕ್, ಟಿಕ್. ಹುಳು ತನ್ನ ಪುಟ್ಟ ಮೈಯನ್ನು ಮಣ್ಣಿಗೆ ಬಡಿದು ಇರುವೆಗಳನ್ನು ಕರೆಯುತ್ತಿತ್ತು.

ಬೇರೆ ಜಾತಿಯ ಚಿಟ್ಟೆಗಳ ಹುಳುಗಳು ಹೀಗೆ ಕರೆಯುತ್ತವೆಂದು ಅವನು ಓದಿದ್ದ. ಓದಿ ಮರೆತಿದ್ದ. ಇರುವೆಗಳು ಕಾಲಿನಿಂದಲೇ ಕೇಳುತ್ತವೆ. ಕಾಲಿಗೆ ತಗಲುವ ನೆಲವನ್ನೆಲ್ಲ ಅವನ ಬೇಲಿ ಮೂರು ವರ್ಷದಿಂದ ತುಂಬಿಬಿಟ್ಟಿತ್ತು. ಅವನು ಜೋರು ಏರಿಸಿದ ಪ್ರತಿ ಸಲವೂ ಈ ಕರೆ ಇನ್ನಷ್ಟು ಆಳಕ್ಕೆ ಮುಳುಗಿತ್ತು. ನೆಲಗಿವಿಯನ್ನು ಅವನು ಕಾಟಮ್ಮನ ಕಿವಿಗಿಟ್ಟ. ಇಬ್ಬರೂ ಸರದಿಯ ಮೇಲೆ ಕೇಳಿದರು. ಮಧ್ಯಾಹ್ನದ ಬಿಸಿಲೇರಿದಂತೆ ಸದ್ದು ನಿಧಾನವಾಯಿತು. ಹನ್ನೆರಡೂವರೆಗೆ ನಿಂತಿತು.

"ಕೂಗಿ ಕೂಗಿ ಸತ್ತೋತಲ್ಲ," ಎಂದು ಕಾಟಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಇಂದುಧರ ಅಲ್ಲೇ ಮಣ್ಣಿನ ಮೇಲೆ ಕುಳಿತು ಅತ್ತ. ಯಾರು ನೋಡಿದರೇನು ಎಂಬುದೆಲ್ಲ ಅವನಿಗೆ ಮುಗಿದುಹೋಗಿತ್ತು.

ಬೆಂಗಳೂರಿನ ಜೀವರಕ್ಷಾ ಮಂಡಳಿಯಲ್ಲಿ ತನಿಖಾಧಿಕಾರಿಯಾಗಿದ್ದ ಜಯತೀರ್ಥ ಒಂದು ಕಾಲಕ್ಕೆ ಇಂದುಧರನ ಕೈಕೆಳಗೆ ಕಲಿತವನು. ಫೋನಿನಲ್ಲಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡ.

"ಬೇಲಿಯನ್ನು ಈಗಲೇ ನಿಲ್ಲಿಸಬೇಕು, ಜಯತೀರ್ಥ. ಇವತ್ತೇ."

"ಯಾರು ನಿಲ್ಲಿಸಬೇಕು ಸರ್? ಹದಿಮೂರನೇ ಕಲಮು ನಿಮಗೆ ಗೊತ್ತಲ್ಲ."

ಗೊತ್ತಿಲ್ಲದೆ ಏನು, ಅದನ್ನು ಬರೆದವನೇ ಇಂದುಧರ. ಹಿಂದೆಲ್ಲ ಗಣಿಯವರ ಮಾತಿಗೋ ಮಂತ್ರಿಗಳ ಫೋನಿಗೋ ಅಧಿಕಾರಿಗಳು ಬೇಲಿ ಎತ್ತಿಬಿಡುತ್ತಿದ್ದರು. ಅದಕ್ಕಾಗಿಯೇ ದನಿಬೇಲಿಯನ್ನು ಯಾವ ಮನುಷ್ಯನೂ ನಿಲ್ಲಿಸಲಾಗದಂತೆ, ಜೋರನ್ನು ಏರಿಸಬಹುದೇ ಹೊರತು ಇಳಿಸಲಾಗದಂತೆ ಕಾನೂನು ಮಾಡಿಸಿದ್ದ. ಒಳಗಿನ ಜೀವಿ ಇರುವ ತನಕ ಬೇಲಿ ಇರುತ್ತದೆ. ಅದರ ಪಾಲಕ ವಿಜ್ಞಾನಿಯೇ 'ಈ ಜೀವಿ ಭೂಮಿಯಿಂದ ಅಳಿದಿದೆ' ಎಂದು ರುಜು ಹಾಕಿದರೆ ಮಾತ್ರ ಯಂತ್ರ ತಾನಾಗಿ ನಿಲ್ಲುತ್ತದೆ. ಆ ಕಲಮು ಅಂಗೀಕಾರವಾದ ದಿನ ಅವನು ಸಿಹಿ ಹಂಚಿದ್ದ.

"ತಿದ್ದುಪಡಿ ತರಬಹುದು ಸರ್. ಎರಡು ವರ್ಷ ಹಿಡಿಯುತ್ತದೆ."

"ಹುಳುಗಳಿಗೆ ಇರುವುದು ಮೂರು ದಿನ!"

ಇಂದುಧರ ಫೋನ್ ಇಟ್ಟು ಹಾರೆ ಹುಡುಕಲು ಹೊರಟ.

ಮರುದಿನ ಅವನೂ ಕಾಟಮ್ಮನೂ ಹಾರೆ ಹಿಡಿದು ಒಂದು ಕಂಬದ ತಲೆಯನ್ನು ಜಜ್ಜಿದರು. ಅವಳ ಏಟುಗಳಲ್ಲಿ ಮೂರು ವರ್ಷದ ಸಿಟ್ಟಿತ್ತು. ಕಂಬ ಬೇಗನೆ ಸತ್ತಿತು. ಆದರೆ ಅದು ಸತ್ತದ್ದೇ ತಡ, ಅಕ್ಕಪಕ್ಕದ ಕಂಬಗಳು ಅದರ ಪಾಲನ್ನೂ ತಾವೇ ಹೊತ್ತುಕೊಂಡು ಜೋರಾದವು. ಒಂದು ಕಂಬ ಕೆಟ್ಟರೆ ಬೇಲಿ ಸಡಿಲಾಗಬಾರದೆಂದು ಆ ಏರ್ಪಾಡನ್ನು ಮಾಡಿದವನೂ ಅವನೇ. ತನ್ನ ಜಾಣತನ ಎಲ್ಲೆಲ್ಲಿ ಅಡ್ಡ ಬಂದು ನಿಂತಿದೆ ಎಂದು ನೋಡುತ್ತ ನೋಡುತ್ತ ಅವನು ಕೈಕೈ ಹಿಸುಕಿಕೊಂಡ. ಹುಳುಗಳನ್ನು ಹೊರಗೆ ಒಯ್ಯೋಣವೆಂದರೆ ಹಲಗೆಗಳ ಕೆಳಗೆ ಕೆನ್ನೆಗ್ಗಿಲೂ ಇಲ್ಲ, ಕಪ್ಪಿರುವೆಯೂ ಇಲ್ಲ. ಕೊನೆಗೆ, ಅಷ್ಟರಲ್ಲಿ ಉದುರಿದ್ದ ಐದು ಹುಳುಗಳನ್ನು ಮೆತ್ತಗಿನ ಕುಂಚದಿಂದ ಎತ್ತಿ ತಾನೇ ಇರುವೆಗೂಡಿನ ಬಾಯಲ್ಲಿಟ್ಟ. ಹುಳುಗಳು ಕರೆಯುತ್ತಲೇ ಇದ್ದವು. ಆ ಕರೆ ಕೇಳದ ಇರುವೆಗಳಿಗೆ ಅವು ಬರೀ ಮಾಂಸ. ಐದನ್ನೂ ಅವನ ಕಣ್ಣೆದುರೇ ಕಚ್ಚಿ ತುಂಡು ಮಾಡಿದವು.

"ಇನ್ನೆಷ್ಟು ಉಳಿದಾವೆ, ಸಾಮಿ?"

"ಮೂವತ್ತೈದು."

"ಬೇಲಿ ನಿಲ್ಸೋಕೆ ಒಂದು ದಾರಿನೂ ಇಲ್ವಾ?"

"ಇದೆ. ಅವು ಒಂದೂ ಇಲ್ಲ ಎಂದು ನಾನು ಬರೆದುಕೊಡಬೇಕು."

ಕಾಟಮ್ಮ ಅವನ ಮುಖವನ್ನೇ ನೋಡಿದಳು. "ಅಂದ್ರೆ, ಬದುಕಿಸ್ಬೇಕು ಅಂದ್ರೆ ಸತ್ವು ಅಂತ ಹೇಳ್ಬೇಕು. ಅದೆಂಥ ಕಾನೂನು, ಸಾಮಿ?"

"ನಾನೇ ಮಾಡಿದ ಕಾನೂನು," ಎಂದ ಇಂದುಧರ.

ರುಜು ಹಾಕುವುದು ಬೆರಳೊತ್ತುವಷ್ಟು ಸುಲಭ. ಆದರೆ ಹಾಕಿದ ಮೇಲೆ ಇಪ್ಪತ್ತಾರು ವರ್ಷದ ಅವನ ಕೆಲಸಕ್ಕೆ ಅದೇ ಕೊನೆಯ ಸಾಲು. ತನ್ನ ಪಾಲಿನ ಜೀವಿಯನ್ನು ಕಳೆದುಕೊಂಡ ಪಾಲಕನಿಗೆ ಮತ್ತೊಂದು ಜೀವಿಯನ್ನು ಯಾರೂ ವಹಿಸುವುದಿಲ್ಲ. ಸುಳ್ಳೆಂದು ತಿಳಿದರೆ ಜೈಲು; ಅದಕ್ಕಿಂತ ಕೆಟ್ಟದ್ದೆಂದರೆ, ಮುಂದೆ ಒಂದೇ ಒಂದು ಕಾವಲುನೀಲಿ ದಾಖಲೆಯಲ್ಲಿ ಕಂಡರೂ ಬೇಲಿ ತಾನಾಗಿ ಮತ್ತೆ ಏಳುತ್ತದೆ. ರಕ್ಷಣೆ ಹೋದ ನೆಲಕ್ಕೆ ಹಲಗೆಯವರು ಬರುವುದೂ ಖಂಡಿತ ಎಂದೇ ಅವನು ತಿಳಿದಿದ್ದ. ಆದರೂ ಮೂವತ್ತೈದು ಹುಳುಗಳಿಗೆ ಹತ್ತು ತಿಂಗಳ ಉಸಿರಾದರೂ ಸಿಗುತ್ತದಲ್ಲ! ಮೂರನೇ ದಿನ ಬೆಳಗ್ಗೆ ಏಳಕ್ಕೆ ಅವನು ಅಳಿವನ್ನು ಘೋಷಿಸುವ ಲುಪ್ತಪತ್ರಕ್ಕೆ ಬೆರಳೊತ್ತಿದ. 'ಕಾವಲುನೀಲಿ: ಉಳಿದ ಸಂಖ್ಯೆ ಸೊನ್ನೆ.'

ಏಳು ಗಂಟೆ ಹದಿನಾಲ್ಕು ನಿಮಿಷಕ್ಕೆ ನೆಲಗಿವಿಯಲ್ಲಿದ್ದ ಗುಂಯ್ ಸದ್ದು ನಿಂತಿತು. ಮೂರು ವರ್ಷದ ಮೇಲೆ ಕಾವಲಿನ ಮಣ್ಣು ತಣ್ಣಗಾಯಿತು. ಇಂದುಧರ ಒಂದು ಗಿಡದ ಬುಡದಲ್ಲಿ ಬೋರಲು ಮಲಗಿ ನೋಡುತ್ತಿದ್ದ. ಟಿಕ್, ಟಿಕ್. ಸ್ವಲ್ಪ ಹೊತ್ತಿಗೆ ಒಂದು ಕಪ್ಪಿರುವೆ ಹಾದಿ ಬದಲಿಸಿ ಬಂತು. ಮೀಸೆಗಳಿಂದ ಹುಳುವನ್ನು ಸವರಿತು. ಸಿಹಿಹನಿ ಒಸರಿತು. ಮತ್ತೆರಡು ಬಂದವು. ಎತ್ತಿಕೊಂಡವು. ದೂರದಲ್ಲಿ ಕಾಟಮ್ಮ ಕೋಲು ಕುಟ್ಟುವುದೂ, ಆಮೇಲೆ ಅವಳು ಒಬ್ಬಳೇ ಜೋರಾಗಿ ನಗುವುದೂ ಕೇಳಿಸಿತು. ಸಂಜೆಯೊಳಗೆ ಅವಳು ಮಡಿಲಿನ ನುಚ್ಚನ್ನೆಲ್ಲ ಖಾಲಿ ಮಾಡಿದ್ದಳು.

ಮುಂದಿನ ತಿಂಗಳುಗಳು ಇಂದುಧರನಿಗೆ ಸುಲಭವಾಗಿರಲಿಲ್ಲ. ಪತ್ರಿಕೆಗಳು ಅವನನ್ನು ಚಿಟ್ಟೆ ಕೊಂದ ಪಾಲಕನೆಂದು ಬರೆದವು. ಶಾಲೆಯ ಪಾಠದಲ್ಲಿ ಅವನ ಹೆಸರು ಅದೇ ವಿಶೇಷಣದೊಂದಿಗೆ ಸೇರಿತು. ಅವನು ಕೆಲಸ ಬಿಟ್ಟು ಗೊಲ್ಲರಹಟ್ಟಿಯ ಶಾಲೆಯ ಪಕ್ಕದ ಒಂದು ಕೋಣೆಯಲ್ಲಿ ಉಳಿದ. ಹಲಗೆಯವರು ಬಂದರು, ಅಳೆದರು, ಹೋದರು. ರಕ್ಷಣೆ ರದ್ದಾದ ನೆಲ ಹತ್ತು ವರ್ಷ ಅದರ ಹಿಂದಿನ ಬಳಕೆಗೇ ಸಲ್ಲಬೇಕೆಂದು ಯಾವುದೋ ಹಳೆಯ ಕಂದಾಯ ನಿಯಮವಿತ್ತಂತೆ; ದಾಖಲೆಯಲ್ಲಿ ಇದ್ದದ್ದು 'ಮೇವಿನ ಕಾವಲು' ಎಂದು. ಕಾಟಮ್ಮನ ಕುರಿಗಳು ಮೊದಲ ದಿನ ಗೆರೆಯ ಹತ್ತಿರ ನಿಂತು ಅನುಮಾನಿಸಿದವು. ಆಮೇಲೆ ಹಬ್ಬದೂಟಕ್ಕೆ ಬಂದವರ ಹಾಗೆ ನುಗ್ಗಿದವು.

ನಾಡಿನಲ್ಲಿ ಇನ್ನೂ ಹದಿನೇಳು ದನಿಬೇಲಿಗಳಿದ್ದವು. ಒಳಗೆ ಹದಿನೇಳು ಬಗೆಯ ಜೀವಿಗಳು. ನೆಲದ ನಡುಕದ ಬಗ್ಗೆ ಅವನು ಮಂಡಳಿಗೆ ಬರೆದ ವರದಿ ತಿರಸ್ಕೃತವಾಗಿ ಬಂತು: ಸಾಕ್ಷಿಯಾಗಿ ಹೇಳಲಾದ ಜೀವಿ ಅಳಿದಿರುವುದರಿಂದ ಪ್ರಯೋಗವನ್ನು ಮರುಪರೀಕ್ಷಿಸಲಾಗದು. ಹದಿನೇಳು ಪಾಲಕರಿಗೂ ಅವನು ಒಂದೊಂದು ಕಾಗದ ಬರೆದ. ಇಬ್ಬರು ಉತ್ತರಿಸಿದರು. ಒಬ್ಬರದು ಬರೀ ಬೈಗುಳ. ಇನ್ನೊಬ್ಬರು, ಲುಪ್ತಪತ್ರದ ನಮೂನೆ ಎಲ್ಲಿ ಸಿಗುತ್ತದೆ ಎಂದಷ್ಟೇ ಕೇಳಿದ್ದರು.

ಜೂನ್ ಎರಡನೇ ವಾರ ಮಳೆ ಬಿತ್ತು. ಅದಾದ ಆರನೇ ದಿನ, ಲುಪ್ತವೆಂದು ಘೋಷಿಸಿದ ಜೀವಿಯ ಕಡೆಯ ಪರಿಶೀಲನೆಗೆಂದು ಜಯತೀರ್ಥ ಜೀಪಿನಲ್ಲಿ ಬಂದಿಳಿದ. ಇಂದುಧರ ಅವನನ್ನು ಎದುರುಗೊಳ್ಳಲು ಓಡಿದ. ಅವತ್ತೇ ಬರಬೇಕೇ ಇವನು! ಕುರಿ ಮೇಯ್ದು ತಗ್ಗಾದ ಹುಲ್ಲಿನ ಮೇಲೆ ಎಳೆ ಬಿಸಿಲು ಬಿದ್ದಿತ್ತು. ಕಾಟಮ್ಮ ಮಂದೆಯನ್ನು ಹೊಡೆದುಕೊಂಡು ಬೇಕೆಂದೇ ಅವರಿಬ್ಬರ ದಾರಿಗೆ ಅಡ್ಡ ಬಂದಳು. ಇರುವ ಕುರಿಯನ್ನೆಲ್ಲ ಒಂದೊಂದಾಗಿ ಹೆಸರು ಹಿಡಿದು ಪರಿಚಯಿಸಿದಳು. ಜಯತೀರ್ಥ ನಕ್ಕು, ಸುತ್ತಿ ಬಳಸಿ ಕೆನ್ನೆಗ್ಗಿಲಿನ ಹಾಸಿನ ಹತ್ತಿರವೇ ಹೋಗಿ ನಿಂತ.

ಒಂದು ನೀಲಿ ಚಿಟ್ಟೆ ಹಾರಿ ಬಂದು ಅವನ ಬೆವರಿದ ಮಣಿಕಟ್ಟಿನ ಮೇಲೆ ಕುಳಿತು ನಾಲಗೆ ಚಾಚಿತು.

"ಇದು ಯಾವುದು, ಸರ್?"

ಜೀವಮಾನವೆಲ್ಲ ಯಾವುದರ ಹೆಸರನ್ನು ಲೋಕಕ್ಕೆ ಹೇಳುತ್ತ ಬಂದಿದ್ದನೋ ಅದರ ಮುಖ ನೋಡಿ ಇಂದುಧರ ಹೇಳಿದ, "ಅದೇ, ಸಾಮಾನ್ಯ ಹುಲ್ಲುನೀಲಿ. ಎಲ್ಲ ಕಡೆಯೂ ಇರುತ್ತದೆ."

"ಹೌದೇ," ಎಂದ ಜಯತೀರ್ಥ. ಚಿಟ್ಟೆ ತಾನಾಗಿ ಹಾರಿಹೋಗುವ ತನಕ ಕೈ ಅಲುಗಿಸಲಿಲ್ಲ. ಆಮೇಲೆ ನಮೂನೆಯನ್ನು ತೆರೆದು, ತಲೆಯೆತ್ತದೆಯೇ ಕೇಳಿದ, "ಈ ಸಾಮಾನ್ಯ ಚಿಟ್ಟೆಗಳು ಇಲ್ಲಿ ಎಷ್ಟಿರಬಹುದು ಸರ್, ಅಂದಾಜು?"

"ಇಪ್ಪತ್ತಾರು," ಎಂದುಬಿಟ್ಟ ಇಂದುಧರ.

ಅಂದ ಮೇಲೆ ತಾನು ಸಿಕ್ಕಿಬಿದ್ದದ್ದು ಅವನಿಗೆ ತಿಳಿಯಿತು. ಕಾಟಮ್ಮ ಕುರಿಯ ಕಿವಿ ಹಿಡಿದವಳು ಹಿಡಿದಂತೆಯೇ ನಿಂತಳು. ಎಲ್ಲೆಲ್ಲೂ ಸಿಗುವ ಚಿಟ್ಟೆಯನ್ನು ಯಾವ ವಿಜ್ಞಾನಿಯೂ ಒಂದೊಂದಾಗಿ ಎಣಿಸಿ ನೆನಪಿಟ್ಟುಕೊಂಡಿರುವುದಿಲ್ಲ. ಜಯತೀರ್ಥನ ಬೆರಳು ನಮೂನೆಯಲ್ಲಿ 'ಉಳಿದ ಸಂಖ್ಯೆ' ಎಂಬುದರ ಮುಂದಿನ ಖಾಲಿ ಜಾಗದ ಮೇಲೆ ನಿಂತಿತ್ತು. ಬಳಿಕ ಅವನು ಸೊನ್ನೆ ಬರೆದು ರುಜು ಹಾಕಿದ.

"ಸಾಮಾನ್ಯ ಚಿಟ್ಟೆಯನ್ನು ಯಾರೂ ಎಣಿಸುವುದಿಲ್ಲ ಸರ್," ಎಂದ ಮೆಲ್ಲಗೆ. "ಇನ್ನು ಮೇಲೆ ನೀವೂ ಎಣಿಸಬೇಡಿ."

ಜೀಪು ಹೋಯಿತು. ಇಂದುಧರ ಕೆನ್ನೆಗ್ಗಿಲಿನ ಹಾಸಿಗೆ ಬೆನ್ನು ತಿರುಗಿಸಿ ಕುಳಿತ. ಬೆನ್ನ ಹಿಂದೆ ಅವು ಹಾರುತ್ತಿದ್ದವು; ಎಷ್ಟು ಎಂದು ತಿರುಗಿ ನೋಡುವ ಆಸೆಯನ್ನು ಅವನು ಹಲ್ಲು ಕಚ್ಚಿ ತಡೆದುಕೊಂಡ.